ಎಪ್ಪತ್ತು ದಾಟಿದರೆ ನಡುಗುವ ಸ್ಟೇರಿಂಗು

ಅಕ್ಕ ನನ್ನನ್ನು ಕೇಳಿದ್ದು ಒಂದೇ ಒಂದು ಕೆಲಸ. ಕಾರಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂತು, ದೊಡ್ಡ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ, ಸ್ಟೇರಿಂಗು ನಡುಗುವುದು ನಿಜವೋ ಸುಳ್ಳೋ ಅಂತ ಹೇಳಬೇಕಾಗಿತ್ತು. ನಾನು ಕೂರಲಿಲ್ಲ. ಕೂರದೆಯೇ, ಕಾರು ಚೆನ್ನಾಗಿದೆ, ನಡುಗುತ್ತಿರುವುದು ನಿನ್ನ ಕೈ ಅಂದುಬಿಟ್ಟೆ. ಅದೂ ಭಾವನ ಎದುರಿಗೆ. ಹಾಗೆ ಅನ್ನುವಾಗ ತಪ್ಪು ಎಲ್ಲಿದೆ ಅನ್ನುವುದು ನನಗೆ ಮುಕ್ಕಾಲು ಪಾಲು ಗೊತ್ತಿತ್ತು.

ನಮ್ಮದು ಚನ್ನಪಟ್ಟಣದಲ್ಲಿ ಮರದ ಬೊಂಬೆ, ಬಳೆ ಕಡೆಯುವ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲೇತಿನ ಮುಂದೆ ಕೂತವನು ನಾನು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಕಡೆಯುತ್ತೇವೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆ ಗರಿ ಒತ್ತಿದರೆ ಮುಖ ಕಾಣುವಷ್ಟು ಹೊಳಪು. ಬಿಸಿ ತಾಗಿದರೆ ಅರಗು ಕರಗುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಮಾತು ಕಲಿಯದ ಮಗುವಿಗೂ ಗೊತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಪ, ಅವನಿಗೆ ತಿಳಿದಿರಲಿಲ್ಲ ಅಂತ ಆಮೇಲೆ ಯಾರೂ ನನ್ನ ಪರ ಮಾತಾಡಬಾರದು.

ಅಕ್ಕನನ್ನು ಕೈಲಾಂಚದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಹಟ್ಟಿಯಲ್ಲಿ ಹಸು. ರೇಷ್ಮೆ ಗೂಡು ಬಿಡಿಸಿದ ದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ರಾಮನಗರದ ಮಾರುಕಟ್ಟೆಗೆ ಮುಟ್ಟಿಸಬೇಕು. ಟೆಂಪೋದವನು ಬರುತ್ತೇನೆ ಅಂದು ಬಾರದೆ ಹೋದರೆ ಗೂಡು ಚೀಲದಲ್ಲೇ ಬೆಚ್ಚಗಾಗಿ ಕೆಡುತ್ತದೆ. ಹಾಗೆ ಒಂದು ಸಲ ಕೆಟ್ಟ ಮೇಲೆ ಭಾವ ಒಂದು ಹಳೇ ಬಿಳಿ ಕಾರು ತಂದ. ತಂದ ದಿನವೇ ಅದನ್ನು ತಿಪ್ಪೆಗೆ ನುಗ್ಗಿಸಿ, ಇಳಿದು, ತೊಟ್ಟಿಯಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದವನು ಮತ್ತೆ ಡ್ರೈವರ್ ಸೀಟಿನ ಕಡೆ ಸುಳಿಯಲಿಲ್ಲ. ಅಕ್ಕ ಕಲಿತಳು. ಊರಿನ ಕೆರೆ ಏರಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿ ಕಲಿತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸೀಟು ಕಿತ್ತು ಗೂಡಿನ ಚೀಲ ತುಂಬಿ, ಅಕ್ಕಪಕ್ಕದ ಮನೆಯವರ ಚೀಲವನ್ನೂ ಹಾಕಿಕೊಂಡು ಹೊರಡುತ್ತಿದ್ದಳು. ಅವಳು ಮಾರುಕಟ್ಟೆಯ ಮುಂದೆ ಗಾಡಿ ಹಿಂದಕ್ಕೆ ತೆಗೆಯುವಾಗ ಗಂಡಸರು ಬೀಡಿ ಸೇದುವುದು ನಿಲ್ಲಿಸಿ ನೋಡುತ್ತಿದ್ದರಂತೆ.

“ನೋಡ್ಲಿ ಬುಡು,” ಅನ್ನುತ್ತಿದ್ದಳು ಅಕ್ಕ. “ನೋಡ್ತಾ ನೋಡ್ತಾ ಒಸಿ ಜಾಗ ಬುಟ್ರೆ ಸಾಕು.”

ಗೌರಿ ಹಬ್ಬಕ್ಕೆ ತವರಿನಿಂದ ಅಕ್ಕನಿಗೆ ಬಾಗಿನ ಕೊಡುವುದು ನನ್ನ ಪಾಲಿನ ಕೆಲಸ. ಪ್ರತಿ ವರ್ಷ ಸೀರೆ, ಬಳೆ, ಮೊರದ ಜೊತೆಗೆ ನಾನೇ ಕಡೆದ ಕುಂಕುಮದ ಭರಣಿ. ಆ ವರ್ಷ ನನಗೆ ಬೇರೆ ಹುರುಪು. ಹಳೇ ಸಾಮಾನು ಮಾರುವವನ ಹತ್ತಿರ ಹೊಳೆಯುವ ಅಲಾಯ್ ಚಕ್ರ ನಾಲ್ಕು ಸಿಕ್ಕಿದವು. ಕಬ್ಬಿಣದ ರಿಮ್ಮಿನ ಹಾಗಲ್ಲ, ನಡುವೆ ಹೂವಿನ ಎಸಳಿನಂತೆ ಬಿಚ್ಚಿಕೊಂಡಿದ್ದವು. ಅಕ್ಕನ ಕಾರಿಗೆ ಇವೇ ಈ ಸಲದ ಬಾಗಿನ ಅಂತ ತೀರ್ಮಾನ ಮಾಡಿದೆ. ರಾಮನಗರದಲ್ಲಿ ನಮಗೆ ಗುರುತಿನ ಟೈರ್ ಅಂಗಡಿಯ ಭಾಯಿ ಒಬ್ಬರಿದ್ದರು. ಅಕ್ಕ ಮಾರುಕಟ್ಟೆಗೆ ತಂದಿದ್ದ ಕಾರಿಗೆ ಅವರು ಚಕ್ರ ಹಿಡಿದು ನೋಡಿ ಅಡ್ಡಡ್ಡ ತಲೆ ಆಡಿಸಿದರು.

“ನಟ್ಟೆಲ್ಲಾ ಕೂರ್ತದೆ. ಆದ್ರೆ ನಡುವಿನ ತೂತು ದೊಡ್ಡದಾಯ್ತು. ಇದು ಬೇರೆ ಗಾಡೀದು. ಹಬ್ಬು ಒಳಗೆ ಸಡಿಲ ಇರ್ತದೆ. ನಡುವೆ ಒಂದು ಬಳೆ ಹಾಕ್ಬೇಕು, ಬೆಂಗಳೂರಿಂದ ತರಿಸ್ಬೇಕು.”

ಹಬ್ಬು ಅಂದರೆ ಅಚ್ಚಿನ ತುದಿಯಲ್ಲಿ ಚಕ್ರ ಹೋಗಿ ಕೂರುವ ಜಾಗ. ಆ ಗುಂಡಗಿನ ತುದಿಗೂ ಚಕ್ರದ ತೂತಿಗೂ ನಡುವೆ ಬೆರಳ ಉಗುರು ಹೋಗುವಷ್ಟು ಸಂದಿ.

“ಬಳೆ ತಾನೇ ಭಾಯಿ?” ಅಂದೆ. “ಬಳೆಗೆ ಬೆಂಗಳೂರು ಯಾಕೆ? ನಾನು ಇನ್ನೇನು ಕಡೆಯೋದು ದಿನಾ?”

“ಮರದ್ದಾ?”

“ಹಾಲೆ ಮರ. ಸೀಳೋದಿಲ್ಲ, ಬಿರುಕು ಬಿಡೋದಿಲ್ಲ.”

ಭಾಯಿ ನಕ್ಕರು. “ನಂಗೆ ಗೊತ್ತಿಲ್ಲಪ್ಪ. ನಿನ್ನ ಅಕ್ಕ, ನಿನ್ನ ಬಳೆ.”

ಅವತ್ತೇ ನಾಲ್ಕು ಬಳೆ ಕಡೆದೆ. ಅಳತೆ ಎಷ್ಟು ಕರಾರುವಾಕ್ಕಾಗಿತ್ತು ಅಂದರೆ ಅಂಗೈಯಲ್ಲಿ ಒತ್ತಿದರೆ ಹಬ್ಬಿಗೆ ಹೋಗಿ ಕೂತುಕೊಳ್ಳುತ್ತಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಬಾಗಿನ ಅಂದಮೇಲೆ ಬರೀ ಮರ ಕೊಡಲು ಮನಸ್ಸು ಬರಲಿಲ್ಲ. ಚಕ್ರದೊಳಗೆ ಯಾರ ಕಣ್ಣಿಗೂ ಬೀಳದ ಬಳೆಗೆ ಕುಂಕುಮದ ಕೆಂಪು ಅರಗನ್ನು ದಪ್ಪವಾಗಿ ಒತ್ತಿ, ಗರಿ ಹಿಡಿದು ಹೊಳಪು ಕೊಟ್ಟೆ. ಬ್ರೇಕಿನ ಪಕ್ಕದಲ್ಲಿ ಕೂರುವ ವಸ್ತುವಿಗೆ ಅರಗು ಬಳಿಯುವ ಬುದ್ಧಿ ಚನ್ನಪಟ್ಟಣದವನಿಗಲ್ಲದೆ ಇನ್ಯಾರಿಗೂ ಬರಲಾರದು.

ಹಬ್ಬದ ದಿನ ಅಕ್ಕ ಆ ಚಕ್ರಗಳಿಗೆ ಅರಿಸಿನ ಕುಂಕುಮ ಇಟ್ಟು ಊರೆಲ್ಲಾ ಒಂದು ಸುತ್ತು ಬಂದಳು. ಬಾವಿ ಕಟ್ಟೆಯ ಹೆಂಗಸರೆಲ್ಲಾ ಕೇಳಿದರಂತೆ, ಯಾರು ಕೊಡಿಸಿದ್ದು ಅಂತ. “ನನ್ನ ತಮ್ಮ. ಒಳಗೆ ಬಳೇನೂ ತೊಡಿಸವ್ನೆ,” ಅಂದಳಂತೆ. ಅದನ್ನು ಕೇಳಿ ನಾನು ವಾರಗಟ್ಟಲೆ ಬೀಗಿದೆ.

ಆಮೇಲೆ ಒಂದು ದಿನ ಅಕ್ಕ ನೆಂಟರ ಮನೆಗೆ ಅಂತ ಕನಕಪುರಕ್ಕೆ ಹೋಗಿದ್ದಳು. ಬರುವಾಗ ದಾರಿಯುದ್ದಕ್ಕೂ ಏರಿಳಿತ, ತಿರುವು. ಮುಂದೊಂದು ಹುಲ್ಲಿನ ಲಾರಿ ಬೇರೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದಿದ್ದಾಳೆ. ಮಾರನೇ ದಿನ ನಮ್ಮ ಬೀದಿಯ ಅಂಗಡಿಗೆ ಫೋನು ಮಾಡಿ ನನ್ನನ್ನು ಕರೆಸಿದಳು.

“ಲೋ, ನೆನ್ನೆ ಗಾಡಿ ನಿಲ್ಲಿಸಿದ್ಮೇಲೆ ಚಕ್ರದ ಹತ್ರ ಒಂಥರಾ ವಾಸ್ನೆ ಬತ್ತಿತ್ತು ಕಣ್ಲಾ.”

“ಎಂಥಾ ವಾಸ್ನೆ?”

“ನಮ್ಮನೆ ವಾಸ್ನೆ. ನೀನು ಕೆಲ್ಸ ಮಾಡ್ವಾಗ ಬತ್ತದಲ್ಲ, ಅದು.”

ಅದು ಅರಗಿನ ವಾಸನೆ ಅಂತ ನನಗೆ ಆಗಲೇ ಹೊಳೆಯಿತು. ಆದರೂ, “ಬ್ರೇಕು ಕಾದಿರ್ತದೆ ಬುಡಕ್ಕ,” ಅಂದೆ.

ಸ್ಟೇರಿಂಗು ನಡುಗಲು ಶುರುವಾಗಿದ್ದು ಅದಾದ ಮೇಲೆ. ಹಳ್ಳಿಯ ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಆ ಹೊತ್ತಿಗೆ ಮೈಸೂರು ರಸ್ತೆಯನ್ನು ಅಗಲ ಮಾಡಿದ್ದರು. ಅಲ್ಲಿ ಅರವತ್ತು ದಾಟಿದರೆ ಬೆರಳ ತುದಿಯಲ್ಲಿ ಜುಂ ಅನ್ನುತ್ತದೆ, ಎಪ್ಪತ್ತಕ್ಕೆ ಮೊಣಕೈವರೆಗೂ ಬರುತ್ತದೆ, ಎಂಬತ್ತಕ್ಕೆ ಹಿಡಿಯಲಾಗುವುದಿಲ್ಲ ಅಂದಳು ಅಕ್ಕ. ಭಾವನಿಗೆ ಮೊದಲೇ ಪುಕ್ಕಲು. ಬಾಗಿಲ ಮೇಲಿನ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, “ನಿಧಾನಾ, ನಿಧಾನಾ ಕಣೇ” ಅನ್ನುತ್ತಾ ಕೂರುತ್ತಿದ್ದ.

ಕಾರನ್ನು ಭಾಯಿಯ ಅಂಗಡಿಗೆ ತಂದರು. ನನ್ನನ್ನೂ ಕರೆದರು. ಭಾಯಿ ಚಕ್ರಗಳನ್ನು ಬಿಚ್ಚಿಸಿ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿದರು. ಅದು ಚಕ್ರವನ್ನು ಗಿರ್ರನೆ ತಿರುಗಿಸಿ ಯಾವ ಕಡೆ ಭಾರ ಹೆಚ್ಚು ಅಂತ ಹೇಳುತ್ತದೆ. ಅಲ್ಲೊಂದು ಇಲ್ಲೊಂದು ಸೀಸದ ತುಂಡು ಅಂಟಿಸಿದ ಮೇಲೆ ಎಲ್ಲವೂ ಸೊನ್ನೆ ತೋರಿಸಿದವು. ಟೈರಿನಲ್ಲಿ ಉಬ್ಬಿಲ್ಲ, ರಿಮ್ಮು ಸೊಟ್ಟಗಿಲ್ಲ. ಬಳೆಗಳು ಹಬ್ಬಿಗೇ ಅಂಟಿಕೊಂಡಿದ್ದವು. ಅವುಗಳ ಮೇಲೆಲ್ಲಾ ಕೆಮ್ಮಣ್ಣಿನ ಧೂಳು. ಯಾರೂ ಬಗ್ಗಿ ನೋಡಲಿಲ್ಲ. ನೋಡಬೇಕಾದವನು ನಾನು. ಟೀ ಕುಡಿಯುತ್ತಾ ರಸ್ತೆಯ ಕಡೆ ತಿರುಗಿ ನಿಂತಿದ್ದೆ.

ಚಕ್ರ ಹಾಕಿಸಿಕೊಂಡು ಅಕ್ಕ ಒಂದು ಸುತ್ತು ಹೋಗಿ ಬಂದಳು. ಮುಖ ಸಪ್ಪಗಿತ್ತು.

“ಹಂಗೇ ಐತೆ. ಬಾರ್ಲಾ, ಪಕ್ಕದಲ್ಲಿ ಕೂತ್ಕೋ. ಒಂದೇ ಒಂದ್ಸಲ ನೋಡು. ನಿನ್ನ ಕೈಗೆ ಗೊತ್ತಾಯ್ತದೆ.”

ಭಾವ ಅಂದ, “ಮೆಷಿನ್ನೇ ಸರಿ ಐತೆ ಅಂದ್ಮೇಲೆ ಇವ್ನೇನು ನೋಡ್ತಾನೆ? ಏನ್ ಬಾಮೈದ, ನೀನೇ ಹೇಳು, ಚಕ್ರದ್ದು ದೋಸಾನಾ, ಹಿಡಿಯೋರ ದೋಸಾನಾ?”

ಸುತ್ತ ನಿಂತವರು ನಕ್ಕರು. ನನಗೆ ಆ ಕ್ಷಣದಲ್ಲಿ ಕಂಡದ್ದು ನನ್ನ ಮಾನ ಮಾತ್ರ. ಬಾವಿ ಕಟ್ಟೆಯ ಹೆಂಗಸರವರೆಗೂ ಹೋಗಿದ್ದ ಆ ಬಳೆಯ ಮಾತು.

“ಚಕ್ರಕ್ಕೇನಾಗೈತೆ ಬಾವ?” ಅಂದೆ. “ಅಕ್ಕಾ, ಜೋರಾಗಿ ಹೋಗ್ವಾಗ ನಿಂಗೆ ಭಯ. ನಿನ್ನ ಕೈ ನಡುಗ್ತದೆ ಕಣಕ್ಕ, ಅಷ್ಟೇ.”

ಅಕ್ಕ ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು. ಕಾರು ಹತ್ತಿದಳು.

ಅಲ್ಲಿಂದ ಮುಂದೆ ಅವಳು ದೊಡ್ಡ ರಸ್ತೆಗೆ ಬರುವುದನ್ನು ಬಿಟ್ಟಳು. ಅಕ್ಕಪಕ್ಕದವರು ತಮ್ಮ ಗೂಡಿನ ಚೀಲಗಳನ್ನು ಬೇರೆ ಗಾಡಿಗೆ ಹಾಕತೊಡಗಿದರು. ನಾನು ಹಬ್ಬಹುಣ್ಣಿಮೆಗೆ ಹೋದಾಗಲೂ ಕಾರಿನ ಮಾತು ಎತ್ತುತ್ತಿರಲಿಲ್ಲ. ಅವಳೂ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಕೆಲಸದ ಜಗುಲಿಯ ಮುಂದೆ ಕಾರು ಬಂದು ನಿಂತಿತು. ಹಳೇ ದಾರಿಯಲ್ಲಿ ಹಳ್ಳಿಹಳ್ಳಿ ಸುತ್ತಿಕೊಂಡು ಮೆಲ್ಲಗೆ ಓಡಿಸಿಕೊಂಡು ಬಂದಿದ್ದಳು. ಒಳಗೆ ಬಂದವಳು ನೀರು ಕುಡಿದು ಲೇತಿನ ಪಕ್ಕದ ಮಣೆಯ ಮೇಲೆ ಕೂತಳು.

“ಕಾರು ಮಾರ್ತಾವ್ರೆ ನಿಮ್ಮ ಬಾವ. ನಾಳೆ ಮಾಗಡಿ ಕಡೆಯೋರು ನೋಡಕ್ಕೆ ಬತ್ತಾರೆ.”

ನಾನು ಲೇತು ನಿಲ್ಲಿಸಿದೆ.

“ಮಾರ್ಲಿ. ಓಡಿಸ್ದೆ ಇರೋ ಗಾಡಿ ಇಟ್ಕೊಂಡು ಏನ್ಮಾಡಾದು? ಆದ್ರೆ ಈ ಚಕ್ರ ಬಿಚ್ಕೊಬುಡ್ಲಾ. ಹಳೇ ರಿಮ್ಮು ಡಿಕ್ಕಿನಲ್ಲಿ ತಂದಿವ್ನಿ, ಅದನ್ನ ಹಾಕ್ಕೊಡು. ತವರಿನ ಬಾಗಿನ. ಅದನ್ನ ಕಂಡೋರ ಕೈಗೆ ಕೊಡಾಕಾಗಕಿಲ್ಲ ನಂಗೆ.”

ಅಕ್ಕ ತನ್ನ ಎರಡೂ ಕೈಗಳನ್ನು ನನ್ನ ಮುಂದೆ ನೀಡಿ ಹಿಡಿದಳು, ಬೆರಳು ಬಿಡಿಸಿ.

“ಒಸಿ ನೋಡ್ಲಾ. ನಡುಗ್ತಾವಾ? ರಾಮನಗರದಲ್ಲಿ ಡಾಕ್ಟರಿಗೂ ತೋರಿಸ್ದೆ. ನರಕ್ಕೆ ಅಂತ ಮಾತ್ರೆ ಕೊಟ್ಟವ್ರೆ. ಕಾಪಿ ಬುಟ್ಟೆ. ಮನೇಲಿ ದೀಪದ ಮುಂದೆ ಹಿಂಗೆ ಹಿಡ್ಕೊಂಡು ನೋಡ್ತೀನಿ. ನಂಗೇನೋ ನಡುಗಂಗೆ ಕಾಣಾಕಿಲ್ಲ. ನೀನು ಅಂದ್ಮೇಲೆ ಇರಬೌದು ಅಂತ.”

ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಎಳೇ ಹುಳುವನ್ನು ಒಂದೊಂದಾಗಿ ತಟ್ಟೆಯಿಂದ ತಟ್ಟೆಗೆ ಬಿಡುವ ಕೈ ಅದು. ನಾನು ಉಳಿಯನ್ನು ಕೆಳಗಿಟ್ಟು ಎದ್ದೆ.

“ಬಾಕ್ಕ. ಕೂತ್ಕೋತೀನಿ. ದೊಡ್ಡ ರಸ್ತೆಗೆ ಹೋಗಾನ.”

“ಈಗ್ಯಾಕ್ಲಾ?”

“ಬಾ ಅಂದ್ರೆ ಬಾ.”

ಚನ್ನಪಟ್ಟಣ ಬಿಟ್ಟು ರಾಮನಗರದ ಕಡೆಗೆ ಹೊರಟೆವು. ಐವತ್ತರವರೆಗೂ ಕಾರು ತೊಟ್ಟಿಲು. ಅರವತ್ತಕ್ಕೆ ಅಕ್ಕ ನನ್ನ ಮುಖ ನೋಡಿದಳು. ನಾನು ಪಕ್ಕದಿಂದ ಕೈ ಚಾಚಿ ಸ್ಟೇರಿಂಗಿನ ಮೇಲೆ ಎರಡು ಬೆರಳಿಟ್ಟೆ. ಎಪ್ಪತ್ತು ಆಗುತ್ತಲೇ ಬೆರಳು ಜುಮ್ಮೆಂದಿತು. ಎಂಬತ್ತಕ್ಕೆ ಇಡೀ ಸ್ಟೇರಿಂಗು ಎಡಕ್ಕೂ ಬಲಕ್ಕೂ ಪಟಪಟ ಹೊಡೆದುಕೊಳ್ಳತೊಡಗಿತು. ಅಕ್ಕ ಹಲ್ಲು ಕಚ್ಚಿಕೊಂಡು ಹಿಡಿದಿದ್ದಳು. ಇಷ್ಟು ದಿನ ಇದನ್ನು ಒಬ್ಬಳೇ ಹಿಡಿದುಕೊಂಡು ಬಂದಿದ್ದಾಳೆ.

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ತಿರುಗುವ ವಸ್ತು ನಡುಗಿದರೆ ಯಾಕೆ ಅಂತ ಹುಡುಕುವುದು ನನ್ನ ದಿನದ ಕೆಲಸ. ಲೇತಿನ ಮೇಲೆ ತುಂಡು ಸೊಟ್ಟ ಕೂತಿದ್ದರೆ ನಿಧಾನಕ್ಕೆ ತಿರುಗುವಾಗ ಗೊತ್ತಾಗುವುದಿಲ್ಲ. ಒಂದು ವೇಗಕ್ಕೆ ಬಂದಾಗ ಮಣೆಯೇ ಕುಣಿಯುತ್ತದೆ. ಅದನ್ನು ದಾಟಿದರೆ ಮತ್ತೆ ಸುಮ್ಮನಾಗುತ್ತದೆ.

“ಅಕ್ಕಾ, ಇನ್ನೂ ಒಸಿ ಜೋರಾಗಿ ಹೋಗು.”

“ಸಾಯ್ಬೇಕಾ?”

“ಹೋಗು, ರಸ್ತೆ ಖಾಲಿ ಐತೆ.”

ತೊಂಬತ್ತು ದಾಟಿತು. ನಡುಕ ಕಮ್ಮಿಯಾಯಿತು. ಅಕ್ಕ ಬಾಯಿ ಬಿಟ್ಟಳು. ಇಷ್ಟು ಜೋರಾಗಿ ಅವಳು ಯಾವತ್ತೂ ಹೋಗಿರಲಿಲ್ಲ. ಮತ್ತೆ ಎಂಬತ್ತಕ್ಕೆ ಇಳಿಸಿದಳು, ನಡುಕ ಬಂತು. ಗೇರು ತೆಗೆದು ಸುಮ್ಮನೆ ಉರುಳಿಸು ಅಂದೆ. ಇಂಜಿನ್ನಿನ ಸದ್ದು ಇಳಿದರೂ ನಡುಕ ಹಾಗೇ ಇತ್ತು. ಹಾಗಾದರೆ ಇಂಜಿನ್ನಿನದಲ್ಲ. ಮೆಲ್ಲಗೆ ಬ್ರೇಕು ಒತ್ತು ಅಂದೆ. ಒತ್ತಿದರೆ ಹೆಚ್ಚಾಗಲಿಲ್ಲ, ವೇಗ ಇಳಿದಂತೆ ಅದೂ ಇಳಿಯಿತು. ಹಾಗಾದರೆ ಬ್ರೇಕಿನದೂ ಅಲ್ಲ. ನನ್ನ ಸೀಟಿನಲ್ಲಿ, ಬೆನ್ನಲ್ಲಿ ಏನೂ ಇಲ್ಲ, ಎಲ್ಲಾ ಸ್ಟೇರಿಂಗಿನಲ್ಲೇ. ಹಾಗಾದರೆ ಹಿಂದಿನ ಚಕ್ರವಲ್ಲ, ಮುಂದಿನದು.

ದಾರಿಯಲ್ಲಿ ಭಾಯಿಯ ಅಂಗಡಿ. ನಿಲ್ಲಿಸಿ ಕೇಳಿದೆ. “ಭಾಯಿ, ಮೆಷಿನ್ನಲ್ಲಿ ಸೊನ್ನೆ, ರಸ್ತೇಲಿ ನಡುಕ. ಹೆಂಗೆ?”

ಭಾಯಿ ಗಡ್ಡ ಕೆರೆದುಕೊಂಡರು. “ಮೆಷಿನ್ನಲ್ಲಿ ಚಕ್ರ ಮೆಷಿನ್ ಮೇಲೆ ಕೂರ್ತದೆ. ಗಾಡೀಲಿ ಗಾಡಿ ಮೇಲೆ ಕೂರ್ತದೆ. ಚಕ್ರ ಸರಿ ಇದ್ರೆ, ಕೂತಿರೋ ಜಾಗ ನೋಡು.” ಆಮೇಲೆ ನನ್ನ ಮುಖ ನೋಡಿ, “ನಿನ್ನ ಬಳೆ ಹೆಂಗವೆ?” ಅಂದರು.

ಅವರಿಂದ ಜ್ಯಾಕು, ನಟ್ಟು ಬಿಚ್ಚುವ ಪಾನ ಕೇಳಿ ಪಡೆದು ಅಲ್ಲೇ ಹೊಂಗೆ ಮರದ ಕೆಳಗೆ ಕಾರಿನ ಮುಂಭಾಗ ಎತ್ತಿದೆ. ಎಡಗಡೆಯ ಚಕ್ರದ ಮುಂದೆ ಒಂದು ಕಲ್ಲಿಟ್ಟು, ಅದರ ಮೇಲೆ ಅರಗಿನ ಕಡ್ಡಿಯನ್ನು ಊರಿ, ತುದಿ ರಿಮ್ಮಿನ ಅಂಚಿಗೆ ಕೂದಲೆಳೆ ದೂರ ಇರುವಂತೆ ಹಿಡಿದೆ. ಲೇತಿನಲ್ಲಿ ತುಂಡು ನೆಟ್ಟಗೆ ಕೂತಿದೆಯೇ ಅಂತ ನಾವು ನೋಡುವುದೇ ಹೀಗೆ. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಕಡ್ಡಿ ಇರುತ್ತದೆ.

“ತಿರುಗಿಸಕ್ಕ.”

ಅಕ್ಕ ಕೈಯಲ್ಲಿ ಚಕ್ರ ತಿರುಗಿಸಿದಳು. ನೆಟ್ಟಗಿದ್ದರೆ ಕಡ್ಡಿ ಎಲ್ಲೂ ತಾಗಬಾರದು, ಇಲ್ಲವೇ ಸುತ್ತಲೂ ತಾಗಬೇಕು. ಒಂದೇ ಒಂದು ಕಡೆ ತಾಗಿ ಹಳದಿ ಗೆರೆ ಎಳೆಯಿತು. ಇನ್ನೊಮ್ಮೆ ತಿರುಗಿಸಿದಳು. ಅದೇ ಜಾಗದಲ್ಲಿ ಗೆರೆ ದಪ್ಪವಾಯಿತು. ಚಕ್ರ ಓಲಾಡುತ್ತಿತ್ತು!

“ಸಿಕ್ತಕ್ಕ!” ಅಂತ ಕೂಗಿದೆ. ತಪ್ಪು ನನ್ನದೇ ಅನ್ನುವುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

ನಟ್ಟು ಬಿಚ್ಚಿ ಚಕ್ರ ಎಳೆದೆ. ಬಳೆ ಕಪ್ಪಗೆ ಕಂದಿ ಒಂದು ಮಗ್ಗುಲಿಗೆ ಜಗ್ಗಿತ್ತು. ಮೇಲಿನ ಅರಗು ಕರಗಿ ಹರಿದು, ಚಕ್ರ ಹೋಗಿ ಒರಗುವ ಹಬ್ಬಿನ ಚಪ್ಪಟೆ ಮುಖದ ಮೇಲೆ ಒಂದು ಕಡೆ ಮಾತ್ರ ಮಂದವಾಗಿ ಹೆಪ್ಪುಗಟ್ಟಿತ್ತು. ಬಾಗಿಲಿನ ಸಂದಿಯಲ್ಲಿ ಚಕ್ಕೆ ಸಿಕ್ಕಿಸಿದ ಹಾಗೆ. ಎಷ್ಟು ಬಿಗಿದರೂ ಚಕ್ರ ಒಂದು ಕಡೆ ಎತ್ತಿಕೊಂಡೇ ಕೂರಬೇಕು. ಧೂಳನ್ನು ಬೆರಳಿನಿಂದ ಒರೆಸಿದೆ. ಕೆಳಗೆ ಕುಂಕುಮದ ಕೆಂಪು ಫಳಫಳ ಹೊಳೆಯಿತು.

ಅಕ್ಕ ಬಗ್ಗಿ ನೋಡಿದಳು. ಅರಗಿನ ಬಣ್ಣ ಅವಳಿಗೆ ಹೇಳಿಕೊಡಬೇಕೇ? ಮದುವೆಗೆ ಮುಂಚೆ ಅವಳೂ ಗರಿ ಹಿಡಿದು ಹೊಳಪು ಕೊಟ್ಟವಳೇ. ನಾನು ಏನಾದರೂ ಹೇಳಬೇಕಾಗಿತ್ತು. ಅದು ಬಿಟ್ಟು ಹಬ್ಬು, ಬಿಸಿ, ಸಂದಿ ಅಂತ ಏನೇನೋ ವಿವರಿಸತೊಡಗಿದೆ.

“ಮಾತು ಸಾಕು, ಕೆರಿ,” ಅಂದಳು ಅಕ್ಕ, ಕೈಗೆ ಚಾಕು ಕೊಟ್ಟು.

ಬಲಗಡೆಯದೂ ಹಾಗೇ ಆಗಿತ್ತು. ಹಿಂದಿನ ಬಳೆಗಳು ಅಷ್ಟು ಕಾಯದೆ ಚೆನ್ನಾಗಿಯೇ ಇದ್ದವು, ಆದರೂ ಬಿಚ್ಚಿದೆ. ಸೀಮೆಎಣ್ಣೆ, ಮರಳು ಕಾಗದ ಹಾಕಿ ಉಜ್ಜಿ ನಾಲ್ಕು ಹಬ್ಬನ್ನೂ ತೊಳೆದ ತಟ್ಟೆಯ ಹಾಗೆ ಮಾಡಿದೆ. ಹಳೇ ರಿಮ್ಮು ಹಾಕಿಬಿಡಬಹುದಿತ್ತು. ಅಕ್ಕ ಒಪ್ಪಲಿಲ್ಲ.

“ಬಾಗಿನ ಬಾಗಿನಾನೇ. ಸರಿ ಮಾಡಕ್ಕಾಗಕಿಲ್ವಾ?”

ಆಗುತ್ತದೆ ಅಂದೆ. ಭಾಯಿಯ ಅಂಗಡಿಯ ಹಿಂದೆ ಪಂಪಿನ ಸಾಮಾನು ಕಡೆಯುವ ಕಬ್ಬಿಣದ ಲೇತಿತ್ತು. ಅದರ ಯಜಮಾನರಿಗೆ ಭಾಯಿ ಹೇಳಿದರು. ನಾನು ಕಂಪಾಸಿನಿಂದ ಹಬ್ಬಿನ ಮೈ, ಚಕ್ರದ ತೂತು ಎರಡನ್ನೂ ಅಳೆದು ಕೊಟ್ಟೆ. ಅಲ್ಯೂಮಿನಿಯಂ ಗಟ್ಟಿಯಲ್ಲಿ ನಾಲ್ಕು ಬಳೆ ಕಡೆದುಕೊಟ್ಟರು. ನಾನು ಪಕ್ಕದಲ್ಲಿ ನಿಂತು ಇನ್ನೊಂದು ಕೂದಲು, ಇನ್ನೊಂದು ಕೂದಲು ಅಂತ ಪೀಡಿಸುತ್ತಿದ್ದೆ. “ಏನ್ ಸ್ವಾಮಿ, ಮದುವೆ ಹೆಣ್ಣಿಗೆ ತೊಡಿಸೋದಾ ಇದು?” ಅಂದರು ಯಜಮಾನರು. ಕಡೆಗೆ ಬಳೆ ಹಬ್ಬಿಗೆ ಹೋಗಿ ‘ಟಪ್’ ಅಂತ ಕೂತಿತು. ಚಕ್ರ ಅದರ ಮೇಲೆ ಇನ್ನೊಂದು ‘ಟಪ್’. ಕಾರು ಎತ್ತಿದ ಹಾಗೇ ಎದುರು ಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದು, ಕಡ್ಡಿ ಹಿಡಿದು ತಿರುಗಿಸಿದೆವು. ಎಲ್ಲೂ ಗೆರೆ ಬೀಳಲಿಲ್ಲ.

ಮರಳಿ ದೊಡ್ಡ ರಸ್ತೆಗೆ ಬಂದೆವು. ಅರವತ್ತು. ಎಪ್ಪತ್ತು. ಅವಳ ಗೆಣ್ಣುಗಳು ಬೆಳ್ಳಗಾಗಿದ್ದವು, ಅಷ್ಟು ಬಿಗಿಯಾಗಿ ಹಿಡಿದಿದ್ದಳು. ಎಂಬತ್ತು. ಏನೂ ಇಲ್ಲ. ಟೈರಿನ ಸದ್ದು, ಗಾಳಿಯ ಸದ್ದು ಅಷ್ಟೇ. ಅಕ್ಕ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದರಲ್ಲೂ ಎರಡು ಬೆರಳು ಮಾತ್ರ ಇಟ್ಟಳು. ಕಾರು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ರಾಮನಗರದ ಬಂಡೆಗಳೆಲ್ಲಾ ಹಿಂದಕ್ಕೆ ಓಡುತ್ತಿದ್ದವು. ಅಕ್ಕ ಇದ್ದಕ್ಕಿದ್ದಂತೆ ಹೋ ಅಂತ ಕೂಗಿ ಹಾರನ್ನು ಒತ್ತಿದಳು. ಮುಂದೆ ಯಾರೂ ಇರಲಿಲ್ಲ, ಸುಮ್ಮನೆ ಒತ್ತಿದಳು. ನಾನೂ ಕೂಗಿದೆ. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ನೋಡಿದರು.

ಮಾರನೇ ದಿನ ಮಾಗಡಿ ಕಡೆಯ ಗೌಡರೊಬ್ಬರು ಬಂದರು. ದೊಡ್ಡ ಮೀಸೆ, ಬಿಳಿ ಪಂಚೆ, ಕಾರಿನ ಬಾಗಿಲನ್ನು ತೆಗೆದು ಹಾಕಿ ತೆಗೆದು ಹಾಕಿ ನೋಡುವ ಅಭ್ಯಾಸ. ನಾನೂ ಬೆಳಿಗ್ಗೆಯೇ ಹೋಗಿ ಕೂತಿದ್ದೆ. ನಾವು ರಿಪೇರಿ ಮಾಡಿದ್ದನ್ನು ಅಕ್ಕ ಭಾವನಿಗೆ ಹೇಳಿರಲಿಲ್ಲ.

“ಓಡಿಸಿ ತೋರಿಸಿ,” ಅಂದರು ಅವರು.

“ಇವ್ಳೇ ಓಡ್ಸೋದು,” ಅಂದ ಭಾವ, ಸ್ವಲ್ಪ ನಾಚಿಕೆಯಿಂದ. “ದೊಡ್ಡ ರಸ್ತೆ ಬೇಡ ಕಣೇ, ಇಲ್ಲೇ ಕೆರೆ ಏರಿವರೆಗೂ...”

“ದೊಡ್ಡ ರಸ್ತೆಗೇ ಹೋಗಾನ,” ಅಂದಳು ಅಕ್ಕ. “ತಗೊಳೋರು ಎಲ್ಲಾ ನೋಡ್ಬೇಕಲ್ಲ.”

ಭಾವ ಮುಂದೆ ಕೂತು ಬಾಗಿಲ ಮೇಲಿನ ಹಿಡಿಗೆ ಜೋತುಬಿದ್ದ. ನಾನೂ ಮಾಗಡಿಯವರೂ ಹಿಂದೆ. ಅವತ್ತಿಗೆ ಅಂತ ಹಿಂದಿನ ಸೀಟು ಮತ್ತೆ ಕೂರಿಸಿದ್ದರು. ರಾಮನಗರ ದಾಟಿ ಬಿಡದಿಯ ಕಡೆ ತಿರುಗಿಸಿ ಅಕ್ಕ ವೇಗ ಏರಿಸಿದಳು. ಅರವತ್ತಾದಾಗ ಭಾವ ಕಣ್ಣು ಮುಚ್ಚಿದ. ಎಪ್ಪತ್ತಾದಾಗ ಒಂದು ಕಣ್ಣು ತೆರೆದು ಸ್ಟೇರಿಂಗು ನೋಡಿದ. ಎಂಬತ್ತಾದಾಗ ಎರಡೂ ಕಣ್ಣು ತೆರೆದ. ಆಮೇಲೆ ಹಿಡಿ ಬಿಟ್ಟ. ಸ್ವಲ್ಪ ದೂರ ಹೋದಮೇಲೆ ಗೊರಗೊರ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಭಾವ ನಿದ್ದೆ ಹೋಗಿದ್ದ! ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಅವನಿಗೆ ನಿದ್ದೆಯೇ ಇರುತ್ತಿರಲಿಲ್ಲ, ಅದು ಬೇರೆ. ಆದರೆ ಅಕ್ಕ ಓಡಿಸುವ ಕಾರಿನಲ್ಲಿ, ಅದೂ ಆ ರಸ್ತೆಯಲ್ಲಿ, ಅವನು ಮಲಗಿದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಏರಿಸಿದಳು.

ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಮಾಗಡಿಯವರು ಇಡ್ಲಿ ಬರುವ ಮೊದಲೇ ವ್ಯಾಪಾರಕ್ಕೆ ಇಳಿದರು.

“ಗಾಡಿ ಒಪ್ಪಿಗೆ. ಬೆಣ್ಣೇಲಿ ಎಳ್ದಂಗೆ ಹೋಯ್ತದೆ. ಮಾತಾಡಾನ.”

ಭಾವ ಕಣ್ಣುಜ್ಜಿಕೊಂಡು ಅಕ್ಕನ ಕಡೆ ನೋಡಿದ, ಕಾರಿನ ಕಡೆ ನೋಡಿದ. “ತಪ್ಪು ತಿಳ್ಕೊಬ್ಯಾಡಿ ಗೌಡ್ರೇ. ಮಾರಾಕಿಲ್ಲ. ಮನೇಲಿ ಓಡ್ಸೋರು ಅವ್ರೆ.”

“ಅದನ್ನ ಹೇಳಕ್ಕೆ ನನ್ನ ಇಲ್ಲಿಗಂಟ ಕರ್ಕೊಬರ್ಬೇಕಿತ್ತಾ?” ಅಂದರು ಅವರು. ಆದರೆ ಸಿಟ್ಟಾಗಲಿಲ್ಲ. ಇಡ್ಲಿ ಬಂದಿತ್ತು.

ಅಕ್ಕ ಗೆದ್ದಿದ್ದಳು. ಮುಂದಿನ ಗೂಡು ಅವಳ ಕಾರಿನಲ್ಲೇ ಮಾರುಕಟ್ಟೆಗೆ ಹೋಗುವುದು ಖಚಿತವಾಗಿತ್ತು. ನನ್ನ ಎದೆ ಉಬ್ಬಿತ್ತು. ಆಗಲೇ ಭಾವ ಚಟ್ನಿ ನೆಕ್ಕುತ್ತಾ ಎಲ್ಲರಿಗೂ ಕೇಳುವಂತೆ ಅಂದ, “ಮೊದ್ಲು ಇವ್ಳ ಕೈ ನಡುಗೋದು ಗೌಡ್ರೇ. ಭಯ. ನಮ್ಮ ಬಾಮೈದ ಅವತ್ತೇ ಹೇಳಿದ್ದ. ಮಾತ್ರೆ ತಗೊಂಡ್ಮೇಲೆ ಈಗ ಕೈ ನಿಂತೈತೆ ನೋಡಿ.”

“ಹೆಂಗಸ್ರಲ್ವಾ, ಪಳಗಬೇಕು,” ಅಂದರು ಮಾಗಡಿಯವರು.

ನಾನು ಅಕ್ಕನನ್ನು ನೋಡಿದೆ. ಕೆಂಪು ಅರಗನ್ನು ಕಣ್ಣಾರೆ ಕಂಡವಳು ಅವಳು. ಒಂದು ಮಾತು ಸಾಕಿತ್ತು. ಅವಳು ಇಡ್ಲಿ ಮುರಿದು ಬಾಯಿಗಿಟ್ಟುಕೊಂಡು, ಇದ್ದರೂ ಇರಬಹುದು ಅನ್ನುವಂತೆ ಸುಮ್ಮನೆ ನಕ್ಕಳು. ತವರಿನ ಮಾನ ಕಾಯುತ್ತಿದ್ದಳು. ನನ್ನ ಮಾನ. ಹೀಗೇ ಬಿಟ್ಟರೆ ಅವಳು ಬದುಕಿರುವವರೆಗೂ ಕೈ ನಡುಗಿ ವಾಸಿಯಾದವಳಾಗಿ ಉಳಿಯುತ್ತಾಳೆ, ನಾನು ಮೊದಲೇ ಹೇಳಿದ ಜಾಣನಾಗಿ ಉಳಿಯುತ್ತೇನೆ. ತಟ್ಟೆ ಸರಿಸಿ ಎದ್ದು ನಿಂತೆ. ಪಕ್ಕದ ಮೇಜಿನವರೂ ತಿರುಗಿ ನೋಡಿದರು.

“ಕೂತ್ಕೊಂಡು ತಿನ್ಲಾ,” ಅಂದಳು ಅಕ್ಕ ಮೆಲ್ಲಗೆ.

“ಇಲ್ಲಕ್ಕ, ಎಲ್ರ ಮುಂದೇನೇ ಅಂದಿದ್ದೆ, ಎಲ್ರ ಮುಂದೇನೇ ಹೇಳ್ತೀನಿ. ಬಾವ, ಇವಳ ಕೈ ಯಾವತ್ತೂ ನಡುಗ್ಲಿಲ್ಲ. ನಾನು ಕಡ್ದ ಬಳೆ ಕರಗಿ ಚಕ್ರ ಸೊಟ್ಟ ಕೂತಿತ್ತು, ಅದಕ್ಕೇ ನಡುಗಿದ್ದು. ಕನಕಪುರದಿಂದ ಬಂದು ವಾಸ್ನೆ ಅಂದ್ಯಲ್ಲಕ್ಕ, ಅವತ್ತೇ ನಂಗೆ ಗೊತ್ತಾಯ್ತು. ಗೊತ್ತಿದ್ದೂ ನಿನ್ನ ಮೇಲೆ ಹಾಕ್ದೆ. ಇಲ್ಲದ ಕಾಯಿಲೆಗೆ ಮಾತ್ರೆ ನುಂಗಿಸ್ದೆ. ತಪ್ಪಾಯ್ತಕ್ಕ. ನನ್ನ ಕ್ಷಮಿಸ್ಬುಡು.”